ಹೆಸರೊಂದೇ ಬಂಡವಾಳವಾದವರನ್ನು ಗಂಭೀರವಾಗಿ ನೋಡಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಕರ್ನಾಟಕದ 31 ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ

ವಿಷಯ: ರೀಲ್ಸ್ ಮತ್ತು ರಿಯಾಲಿಟಿ ಷೋಗಳಿಂದ ಪ್ರಸಿದ್ಧರಾದವರ ಜಾಹೀರಾತುಗಳು, ಗ್ರಾಹಕ ರಕ್ಷಣಾ ಕಾಯ್ದೆಯ 16ನೇ ಕಲಂ ಬಳಸುವ ಕುರಿತು

ಮಾನ್ಯರೇ,

ಗ್ರಾಹಕ ರಕ್ಷಣಾ ಕಾಯ್ದೆ 2019ರ 16ನೇ ಕಲಂ ತಮ್ಮ ಕೈಗೆ ಒಂದು ಅಧಿಕಾರ ಕೊಟ್ಟಿದೆ. ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿನಿಂದ ಗ್ರಾಹಕ ಸಮೂಹಕ್ಕೆ ತೊಂದರೆಯಾಗುತ್ತಿದೆ ಎಂದು ದೂರು ಬಂದರೆ, ತಮ್ಮ ಜಿಲ್ಲೆಯ ವ್ಯಾಪ್ತಿಯಲ್ಲಿ ತಾವೇ ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಆ ದೂರನ್ನು ಜನ ಕಾಗದದಲ್ಲೂ ಕೊಡಬಹುದು, ಇ-ಮೇಲ್‌ನಲ್ಲೂ ಕಳಿಸಬಹುದು ಎಂದು 17ನೇ ಕಲಂ ಹೇಳುತ್ತದೆ. ಈ ಅಧಿಕಾರ ಸಿನಿಮಾ ನಟರ ಟಿವಿ ಜಾಹೀರಾತಿಗೆ ಅನ್ವಯಿಸುವಷ್ಟೇ ಮೊಬೈಲಿನಲ್ಲಿ ಬರುವ 30 ಸೆಕೆಂಡಿನ ರೀಲ್‌ಗೂ ಅನ್ವಯಿಸುತ್ತದೆ. ಅದನ್ನು ಬಳಸಿ ಎಂದು ಕೇಳುವುದಕ್ಕೇ ಈ ಪತ್ರ. ಜಾಹೀರಾತು ಉದ್ಯಮದಲ್ಲಿ ಕರಾರು, ಬಿಲ್ಲು, ಅಂಕಿಅಂಶ ನೋಡಿಕೊಳ್ಳುವ ಕೆಲಸದವರೂ ಗ್ರಾಹಕರಿಗೆ ದೂರು ಬರೆದುಕೊಡುವವರೂ ಸೇರಿ ಇದನ್ನು ಬರೆಯುತ್ತಿದ್ದೇವೆ.

ಯಾರ ಬಗ್ಗೆ ಹೇಳುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ. ಇವರು ಹಾಡಿ ಹೆಸರು ಮಾಡಿದವರಲ್ಲ, ಆಡಿ ಗೆದ್ದವರಲ್ಲ, ಬರೆದವರೂ ಅಲ್ಲ. ಯಾವುದೋ ಷೋದಲ್ಲಿ ಕೆಲವು ವಾರ ಇದ್ದರು, ಅಥವಾ ಒಂದು ಜಗಳದ ವಿಡಿಯೊ, ಒಂದು ಡೈಲಾಗ್ ವೈರಲ್ ಆಯಿತು. ಅಲ್ಲಿಂದ ಮುಂದೆ ಮುಖಪರಿಚಯವೇ ಕಸುಬು: ಚಿನ್ನದಂಗಡಿ ಉದ್ಘಾಟನೆ, ಕಾಲೇಜು ಫೆಸ್ಟ್, ಎಣ್ಣೆ, ಕ್ರೀಮು, ಆ್ಯಪು. ಇಂಥವರ ಮಾತು ಬಂದಾಗಲೆಲ್ಲ ವಿದ್ಯಾವಂತರು ಕೇಳುವ ಪ್ರಶ್ನೆ ಒಂದೇ: ಇವರ ಸಾಧನೆ ಏನು? ಈ ಪ್ರಶ್ನೆಯಿಂದ ಆಡಳಿತಕ್ಕೆ ಪ್ರಯೋಜನವಿಲ್ಲ. ಸಾಧನೆ ಇಲ್ಲದಿದ್ದರೂ ಪ್ರಭಾವ ಇದೆ, ಪ್ರಭಾವಕ್ಕೆ ಬೆಲೆ ಇದೆ, ಆ ಬೆಲೆಯನ್ನು ಕೊನೆಗೆ ತೆರುವವರು ಗ್ರಾಹಕರು. ‘ಅಯ್ಯೋ, ಅವರ ಮಾತು ಯಾರು ಕೇಳ್ತಾರೆ ಬಿಡಿ’ ಎಂದು ಫೈಲು ಪಕ್ಕಕ್ಕಿಟ್ಟಾಗ ಲಾಭ ಆಗುವುದು ಅವರಿಗೆ ದುಡ್ಡು ಕೊಟ್ಟ ಕಂಪನಿಗೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಈ ತಾತ್ಸಾರದಲ್ಲಿ ನ್ಯಾಯವೂ ಇಲ್ಲ. ಇವರಲ್ಲಿ ಬಹಳಷ್ಟು ಜನ ಸಣ್ಣ ಊರಿನವರು, ಕೂಲಿ ಮಾಡುವ ಮನೆಯವರು, ಯಾರ ಶಿಫಾರಸೂ ಇಲ್ಲದೆ ಒಂದು ಫೋನು ಹಿಡಿದು ಮೇಲೆ ಬಂದ ಹುಡುಗ ಹುಡುಗಿಯರು. ಅವರ ಭಾಷೆ, ಬಣ್ಣ, ಬಟ್ಟೆ ನೋಡಿ ನಗುವುದು ವಿಮರ್ಶೆ ಅಲ್ಲ. ನಾವು ಕೇಳುತ್ತಿರುವ ಗಾಂಭೀರ್ಯ ಬೇರೆ. ಅವರನ್ನು ಗೌರವಿಸಿ, ಅವರ ಜಾಹೀರಾತನ್ನು ಪರಿಶೀಲಿಸಿ. ಎರಡೂ ಒಟ್ಟಿಗೆ ಆಗಬೇಕು.

ಇವರ ಶಕ್ತಿ ಎಷ್ಟು ಎಂಬುದಕ್ಕೆ 2024ರ ಫೆಬ್ರುವರಿ 2ರ ಪ್ರಸಂಗ ಸಾಕು. ಹಿಂದಿನ ದಿನವಷ್ಟೇ ಕೇಂದ್ರದ ಮಧ್ಯಂತರ ಬಜೆಟ್‌ನಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಗೆ ಉತ್ತೇಜನ ನೀಡುವ ಮಾತು ಬಂದಿತ್ತು. ಮರುದಿನ ಬೆಳಿಗ್ಗೆ, 2011ರ ಕ್ರಿಕೆಟ್ ವಿಶ್ವಕಪ್ ಹೊತ್ತಿನ ಒಂದು ಹೇಳಿಕೆಯಿಂದ ದೇಶಕ್ಕೆಲ್ಲ ಪರಿಚಯವಾಗಿದ್ದ ರೂಪದರ್ಶಿ ಪೂನಂ ಪಾಂಡೆ ಅದೇ ಕ್ಯಾನ್ಸರ್‌ನಿಂದ ತೀರಿಕೊಂಡರು ಎಂಬ ಪೋಸ್ಟ್ ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಬಂತು. ಯಾವ ಆಸ್ಪತ್ರೆ, ಅಂತ್ಯಕ್ರಿಯೆ ಎಲ್ಲಿ ಎಂಬುದು ಗೊತ್ತಾಗುವ ಮೊದಲೇ ಸುದ್ದಿವಾಹಿನಿಗಳು ಶ್ರದ್ಧಾಂಜಲಿ ಹಾಕಿದವು. ಫೆಬ್ರುವರಿ 3ರಂದು ಅವರೇ ವಿಡಿಯೊದಲ್ಲಿ ಬಂದು ‘ಬದುಕಿದ್ದೇನೆ, ಇದು ಜಾಗೃತಿಗಾಗಿ’ ಎಂದರು. ಅಭಿಯಾನದಲ್ಲಿ ಕೈಜೋಡಿಸಿದ್ದ ಏಜೆನ್ಸಿ ಕ್ಷಮೆ ಕೇಳಿತು.

ಇಲ್ಲಿ ತಪ್ಪಿದ್ದು ಎಲ್ಲಿ? ಜನರ ಗಮನ ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಗಮನವನ್ನು ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ತಲುಪಿಸುವ ವ್ಯವಸ್ಥೆ ಇರಲಿಲ್ಲ. ಗರ್ಭಕಂಠದ ಕ್ಯಾನ್ಸರ್ ಸುಳಿವು ಪತ್ತೆಮಾಡುವ ಪ್ಯಾಪ್ ಸ್ಮಿಯರ್ ಪರೀಕ್ಷೆ ತಮ್ಮೂರಲ್ಲಿ ಎಲ್ಲಿ ಆಗುತ್ತದೆ, ಲಸಿಕೆಯನ್ನು ಯಾವ ವಯಸ್ಸಿನಲ್ಲಿ ಹಾಕಿಸಬೇಕು, ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಹಳ್ಳಿಯ ತಾಯಿಗೆ ಹಾಗೇ ಉಳಿಯಿತು. ನಿಜವಾಗಿ ಆ ಕಾಯಿಲೆಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಆದ ನೋವಂತೂ ಬೇರೆ. ಸತ್ತ ಸುದ್ದಿಯನ್ನೇ ಸುಳ್ಳು ಮಾಡಿದ ಮೇಲೆ ಅದೇ ಬಾಯಿಂದ ಬಂದ ಲಸಿಕೆಯ ಮಾತನ್ನು ಜನ ಹೇಗೆ ನಂಬಬೇಕು?

ಇದೇ ಬಗೆಯ ಹೆಸರು ಬೇರೆ ರೀತಿಯಲ್ಲಿ ಕೆಲಸ ಮಾಡಿದ್ದನ್ನೂ ನೋಡಬೇಕು. ಅಮೆರಿಕದ ಕಿಮ್ ಕಾರ್ಡಾಷಿಯನ್ 2007ರಲ್ಲಿ ಶುರುವಾದ ರಿಯಾಲಿಟಿ ಷೋದಿಂದ ಪ್ರಸಿದ್ಧರಾದವರು. ಮಾದಕವಸ್ತು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ 1996ರಿಂದ ಜೈಲಿನಲ್ಲಿದ್ದ ಆಲಿಸ್ ಜಾನ್ಸನ್ ಪರವಾಗಿ ಅವರು 2018ರಲ್ಲಿ ಅಧ್ಯಕ್ಷರನ್ನೇ ಭೇಟಿ ಮಾಡಿದರು. ಅದೇ ಜೂನ್ 6ರಂದು ಆಲಿಸ್ ಬಿಡುಗಡೆಯಾದರು. ರಿಯಾಲಿಟಿ ಷೋದಿಂದಲೇ ಹೆಸರಾದ ಇನ್ನೊಬ್ಬರು, ಅಮೆರಿಕದ ಪ್ಯಾರಿಸ್ ಹಿಲ್ಟನ್, ತಾನು ಹದಿಹರೆಯದಲ್ಲಿ ಇದ್ದ ವಸತಿ ಸಂಸ್ಥೆಯಲ್ಲಿ ನಡೆದ ದೌರ್ಜನ್ಯದ ಬಗ್ಗೆ ಸಾಕ್ಷ್ಯ ಹೇಳಿದರು. 2021ರಲ್ಲಿ ಯೂಟಾ ರಾಜ್ಯ ಇಂಥ ಸಂಸ್ಥೆಗಳನ್ನು ನಿಯಂತ್ರಿಸುವ ಕಾನೂನು ತಂದಿತು, 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಕಾನೂನಿಗೂ ಸಹಿ ಬಿತ್ತು. ಎರಡರಲ್ಲೂ ಒಂದು ಸಮಾನ ಅಂಶ ಇದೆ. ಸುಮ್ಮನೆ ಜಾಗೃತಿ ಎನ್ನದೆ, ಒಂದು ಫೈಲು, ಒಂದು ಬೇಡಿಕೆ, ಅದಕ್ಕೆ ಸಹಿ ಹಾಕುವ ಅಧಿಕಾರ ಇರುವ ಒಬ್ಬರು, ಇಷ್ಟನ್ನು ಗೊತ್ತು ಮಾಡಿಕೊಂಡು ಹೊರಟಿದ್ದರು.

ಅದೇ ಕಾರ್ಡಾಷಿಯನ್ 2021ರಲ್ಲಿ ಎಥೀರಿಯಂಮ್ಯಾಕ್ಸ್ ಎಂಬ ಕ್ರಿಪ್ಟೊ ಟೋಕನ್ (ಆನ್‌ಲೈನಿನಲ್ಲಿ ಕೊಂಡು ಮಾರುವ ಡಿಜಿಟಲ್ ನಾಣ್ಯ) ಬಗ್ಗೆ ಒಂದು ಪೋಸ್ಟ್ ಹಾಕಿದರು. ಅದಕ್ಕೆ 2.5 ಲಕ್ಷ ಡಾಲರ್ ಪಡೆದಿದ್ದರು. ಪೋಸ್ಟಿನಲ್ಲಿ ‘#ಆ್ಯಡ್’ ಎಂದೂ ಹಾಕಿದ್ದರು. ಅಮೆರಿಕದ ಷೇರುಪೇಟೆ ನಿಯಂತ್ರಕರು ಅಷ್ಟು ಸಾಲದು, ಎಷ್ಟು ಹಣ ಬಂತು ಎಂಬುದನ್ನೂ ಹೇಳಬೇಕಿತ್ತು ಎಂದರು. 2022ರ ಅಕ್ಟೋಬರ್‌ನಲ್ಲಿ 12.6 ಲಕ್ಷ ಡಾಲರ್ ಕಟ್ಟಿ, ಮೂರು ವರ್ಷ ಕ್ರಿಪ್ಟೊ ಪ್ರಚಾರ ಮಾಡುವುದಿಲ್ಲ ಎಂದು ಒಪ್ಪಿಕೊಂಡು ಅವರು ಪ್ರಕರಣ ಮುಗಿಸಿದರು. ಆ ನಿಯಂತ್ರಕರು ಅವರ ಸಾಧನೆ ಏನು ಎಂದು ಕೇಳುತ್ತ ಕೂರಲಿಲ್ಲ. ಹಣ ಎಷ್ಟು, ಯಾರಿಂದ, ಮುಚ್ಚಿಟ್ಟಿದ್ದೇನು ಎಂದು ಕೇಳಿದರು. ನಮ್ಮಲ್ಲೂ ಕೇಳಬೇಕಾದದ್ದು ಇದನ್ನೇ.

ಈಗ ನಮ್ಮ ಜಿಲ್ಲೆಗಳಲ್ಲಿ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದಕ್ಕೆ ಬರೋಣ. ಸಾಮಾನ್ಯ ಕರಾರು ಹೀಗಿರುತ್ತದೆ: ಒಂದು ರೀಲ್, ಎರಡೋ ಮೂರೋ ಸ್ಟೋರಿ, ಬಯೋದಲ್ಲಿ (ಖಾತೆಯ ಪರಿಚಯದ ಸಾಲಿನಲ್ಲಿ) ಕೆಲವು ದಿನ ಲಿಂಕ್, ಅವರ ಹೆಸರಿನ ಒಂದು ಡಿಸ್ಕೌಂಟ್ ಕೋಡ್. ಅರ್ಧ ಹಣ ಮುಂಗಡ, ಉಳಿದದ್ದು ಪೋಸ್ಟ್ ಆದ ಮೇಲೆ. ಸ್ಕ್ರಿಪ್ಟು ಕಂಪನಿಯಿಂದಲೇ ಬರುತ್ತದೆ. ‘ನಾನು ಮೂರು ತಿಂಗಳಿಂದ ಬಳಸ್ತಿದ್ದೀನಿ’ ಎಂಬ ಸಾಲೂ ಅದರಲ್ಲೇ ಇರುತ್ತದೆ, ಬಾಟಲಿ ಕೊರಿಯರ್‌ನಲ್ಲಿ ತಲುಪಿದ್ದು ಹಿಂದಿನ ದಿನವೇ ಆಗಿದ್ದರೂ. ಸಣ್ಣ ಖಾತೆಗಳಿಗೆ ಹಣವೇ ಇಲ್ಲ, ಬಾರ್ಟರ್ ಅಷ್ಟೇ: ಸೀರೆ, ಫೋನು, ರೆಸಾರ್ಟಿನಲ್ಲಿ ಎರಡು ದಿನ. ದುಡ್ಡು ತಗೊಂಡಿಲ್ಲ, ಹಾಗಾಗಿ ಜಾಹೀರಾತಲ್ಲ ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. ಕೇಂದ್ರದ ಮಾರ್ಗಸೂಚಿ ಪ್ರಕಾರ ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಕೊನೆಗೆ ಕುಟುಂಬದ ಸಂಬಂಧವೂ ಬಹಿರಂಗಪಡಿಸಲೇಬೇಕಾದ ಸಂಬಂಧ. ಆದಾಯ ತೆರಿಗೆಯವರೂ 2022ರ ಜುಲೈ 1ರಿಂದ 194-ಆರ್ ಕಲಂ ತಂದು, ವರ್ಷಕ್ಕೆ ₹20,000 ಮೀರಿದ ಇಂಥ ಉಡುಗೊರೆಗೆ ಶೇ 10ರಷ್ಟು ಟಿಡಿಎಸ್ (ಕೊಡುವವರೇ ಮೊದಲು ಕಡಿದು ಕಟ್ಟುವ ತೆರಿಗೆ) ವಿಧಿಸಿದರು. ವಸ್ತುವನ್ನು ಚಿತ್ರೀಕರಣ ಮುಗಿಸಿ ಹಿಂದಿರುಗಿಸಿದರೆ ತೆರಿಗೆ ಇಲ್ಲ, ಇಟ್ಟುಕೊಂಡರೆ ಇದೆ. ಎಂದರೆ ವಿಚಾರಣೆಯ ಹೊತ್ತಿಗೆ ‘ನನಗೇನೂ ಬಂದಿಲ್ಲ’ ಎಂದವರ ಮಾತನ್ನು ಕಂಪನಿಯ ಟಿಡಿಎಸ್ ದಾಖಲೆಯೊಂದಿಗೆ ಹೋಲಿಸಿ ನೋಡಬಹುದು.

ಬಹಿರಂಗಪಡಿಸುವ ರೀತಿಗೂ ನಿಯಮ ಇದೆ. 2023ರ ಜನವರಿ 20ರಂದು ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಯಂತೆ ಚಿತ್ರವಾದರೆ ಚಿತ್ರದ ಮೇಲೇ ಕಾಣಬೇಕು, ವಿಡಿಯೊ ಆದರೆ ಕಣ್ಣಿಗೂ ಕಾಣಬೇಕು ಕಿವಿಗೂ ಕೇಳಬೇಕು, ಲೈವ್ ಆದರೆ ಪೂರ್ತಿ ಹೊತ್ತು ಇರಬೇಕು. ಹ್ಯಾಷ್‌ಟ್ಯಾಗುಗಳ ಗುಂಪಿನಲ್ಲಿ ತುರುಕುವಂತಿಲ್ಲ. ಜಾಹೀರಾತು ಗುಣಮಟ್ಟ ಮಂಡಳಿಯ 2021ರ ನಿಯಮ ಇನ್ನೂ ನಿಖರ: 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡ್, ಎರಡು ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗ ಆ ಸೂಚನೆ ಇರಬೇಕು. ವಾಸ್ತವದಲ್ಲಿ ಆಗುವುದೇನು? ಕನ್ನಡದ ರೀಲ್, ಮಾತೆಲ್ಲ ಕನ್ನಡ, ಕೆಳಗೆ ಕ್ಯಾಪ್ಷನ್‌ನಲ್ಲಿ ಹದಿನೈದು ಹ್ಯಾಷ್‌ಟ್ಯಾಗು, ಅದರಲ್ಲಿ ಹನ್ನೆರಡನೆಯದು ಇಂಗ್ಲಿಷಿನ ‘ಆ್ಯಡ್’. ‘ಮೋರ್’ ಒತ್ತದೆ ಅದು ಕಾಣುವುದೇ ಇಲ್ಲ. ಕಂಡರೂ ಇಂಗ್ಲಿಷ್ ಓದಲು ಬಾರದ ಅಜ್ಜಿಗೆ ತಿಳಿಯುವುದಿಲ್ಲ. ಡಿಸ್‌ಕ್ಲೇಮರ್, ಎಂದರೆ ಜಾಹೀರಾತಿನ ಮಾತಿಗೆ ಇರುವ ಮಿತಿ ತಿಳಿಸುವ ಸೂಚನೆ, ಆ ಮಾತು ಇರುವ ಭಾಷೆಯಲ್ಲೇ ಇರಬೇಕು ಎಂದು 2022ರ ಜೂನ್ 9ರ ಮಾರ್ಗಸೂಚಿ ಹೇಳಿದೆ. ಅದೇ ಅಳತೆಯನ್ನು ಇಲ್ಲೂ ಹಿಡಿಯಬೇಕು. ರೀಲಿನ ಮೊದಲ ಮೂರು ಸೆಕೆಂಡಿನಲ್ಲಿ, ಮುಖದ ಪಕ್ಕದಲ್ಲಿ, ಕನ್ನಡದಲ್ಲಿ ‘ಜಾಹೀರಾತು’ ಎಂದು ಬರಲಿ. ಲೇಬಲ್ ಹಾಕಿದರೆ ರೀಚ್ (ಎಷ್ಟು ಜನರಿಗೆ ತಲುಪಿತು ಎಂಬ ಸಂಖ್ಯೆ) ಬೀಳುತ್ತದೆ ಎಂಬ ನಂಬಿಕೆ ಉದ್ಯಮದಲ್ಲಿ ಬೇರೂರಿದೆ. ಬಿದ್ದರೆ ಬೀಳಲಿ, ಅದು ಗ್ರಾಹಕ ತಿಳಿದು ಮಾಡಿದ ಆಯ್ಕೆ.

ಒಂದೇ ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ: ತಲೆಗೂದಲ ಎಣ್ಣೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯ ಗಿಡಮೂಲಿಕೆ ಎಣ್ಣೆಗೆ ಹೆಸರಾದದ್ದು. ಇಂಥ ಮಾರಾಟಕ್ಕೆಂದೇ ಸಮುದಾಯದವರು ಆಫ್ರಿಕಾದವರೆಗೂ ಹೋಗುತ್ತಾರೆ, 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದ ನಡುವೆ ಸಿಲುಕಿದ್ದ ಕನ್ನಡಿಗರಲ್ಲಿ ಅವರೂ ಇದ್ದರು. ಅವರ ದುಡಿಮೆ ನಿಜವಾದದ್ದು. ‘ಆದಿವಾಸಿ’ ಎಂಬ ಚೀಟಿ ಅಂಟಿಸಿ ಅದೇ ಬಗೆಯ ಬಾಟಲಿಯನ್ನು ಬೇರೆಯವರೂ ಆನ್‌ಲೈನಿನಲ್ಲಿ ಮಾರತೊಡಗಿದ ಮೇಲೆ, ಎಲ್ಲಿಯ ಎಣ್ಣೆ ಎಂದು ವಿಚಾರಿಸದ ಪ್ರಸಿದ್ಧ ಮುಖವೊಂದು ಬೋಳುತಲೆಯಲ್ಲೂ ಕೂದಲು ಬರುತ್ತದೆ ಎಂದರೆ ತೊಂದರೆ ಶುರು. ಔಷಧ ನಿಯಮಾವಳಿಯ ಶೆಡ್ಯೂಲ್ ಜೆ ಪಟ್ಟಿಯಲ್ಲಿ ಬೋಳುತಲೆ, ಹೊಸ ಕೂದಲು ಬೆಳೆಸುವುದು, ಚರ್ಮ ಬೆಳ್ಳಗಾಗಿಸುವುದು ಇವೆ. ಔಷಧದ ಹೆಸರಿನಲ್ಲಿ ಇವಕ್ಕೆ ಪರಿಹಾರ ಕೊಡುತ್ತೇವೆ ಎನ್ನುವಂತಿಲ್ಲ.

ಪ್ರಚಾರ ಮಾಡುವವರು ಬಾಟಲಿ ತಿರುಗಿಸಿ ನೋಡಬೇಕಾದದ್ದು ಇಷ್ಟು: ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನ, ಪದಾರ್ಥಗಳ ಪಟ್ಟಿ, ತಯಾರಿಕಾ ಪರವಾನಗಿ ಸಂಖ್ಯೆ. ಆಯುರ್ವೇದ ಔಷಧ ಎಂದಿದ್ದರೆ 25-ಡಿ ನಮೂನೆಯ ಪರವಾನಗಿಯ ಪ್ರತಿ ಕೇಳಬೇಕು. ಸೌಂದರ್ಯವರ್ಧಕ ಎಂದಿದ್ದರೆ ಚಿಕಿತ್ಸೆಯ ಮಾತೇ ಆಡಬಾರದು. ಮೊದಲು–ಆಮೇಲೆ ಫೋಟೊ ಕೊಟ್ಟರೆ ಯಾರದು, ಯಾವಾಗಿನದು, ಬೆಳಕು ಒಂದೇ ಇದೆಯೇ, ಫಿಲ್ಟರ್ ಹಾಕಿದೆಯೇ ಎಂದು ಕೇಳಬೇಕು. ಇಷ್ಟು ಮಾಡಿ ದಾಖಲೆ ಇಟ್ಟುಕೊಂಡಿದ್ದರೆ ಕಾನೂನೇ ಅವರನ್ನು ಕಾಯುತ್ತದೆ: ಸೂಕ್ತ ಪರಿಶೀಲನೆ ಮಾಡಿದ ಪ್ರಚಾರಕರಿಗೆ ಗ್ರಾಹಕ ರಕ್ಷಣಾ ಕಾಯ್ದೆಯ 21ನೇ ಕಲಂನ ದಂಡ ಇಲ್ಲ. ಮಾಡದಿದ್ದರೆ ಮೊದಲ ತಪ್ಪಿಗೆ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ. ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಪ್ರಚಾರ ಮಾಡದಂತೆ ನಿಷೇಧವನ್ನೂ ಹಾಕಬಹುದು. ಬಹಳ ಜನ ಇಲ್ಲಿ ಎಡವುತ್ತಾರೆ. ‘ಉತ್ಪನ್ನದ ಹೊಣೆ ಕಂಪನಿಯದು’ ಎಂಬ ಸಾಲು ಕರಾರಿನಲ್ಲಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಆ ಸಾಲು ಕಂಪನಿ ಮತ್ತು ಅವರ ನಡುವಿನ ಲೆಕ್ಕ. ಪರಿಶೀಲನೆ ಮಾಡಿದ್ದಕ್ಕೆ ಅದು ಪುರಾವೆ ಆಗುವುದಿಲ್ಲ.

ಬೆಟ್ಟಿಂಗ್ ಆ್ಯಪ್‌ಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದಾಟದ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು ಅಥವಾ ₹50 ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಅಂಥ ರೀಲ್ ಕಂಡರೆ ಆ ಕಾಯ್ದೆಯಡಿಯೇ ಕ್ರಮ ಆಗಬೇಕು.

ದೂರು ಬಂದ ಮೇಲೆ ವಿಚಾರಣೆ ಮುರಿದುಬೀಳುವುದು ಹೆಚ್ಚಾಗಿ ಸಾಕ್ಷ್ಯದ ಹಂತದಲ್ಲಿ. ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ. ನೋಟಿಸ್ ಸುಳಿವು ಸಿಕ್ಕರೆ ರೀಲ್ ಅಳಿಸುತ್ತಾರೆ, ಅಥವಾ ಕ್ಯಾಪ್ಷನ್ ತಿದ್ದಿ ‘ಜಾಹೀರಾತು’ ಎಂದು ಸೇರಿಸಿ ಮೊದಲಿನಿಂದಲೂ ಇತ್ತು ಎನ್ನುತ್ತಾರೆ. ಆದ್ದರಿಂದ ನೋಟಿಸಿಗಿಂತ ಮೊದಲು ದಾಖಲೆ ಆಗಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಖಾತೆಯ ಮುಖಪುಟದಿಂದ ಶುರು ಮಾಡಿ, ಫಾಲೋವರ್ಸ್ ಸಂಖ್ಯೆ ಕಾಣುವಂತೆ, ಪೋಸ್ಟ್ ತೆರೆದು, ಕ್ಯಾಪ್ಷನ್ ಪೂರ್ತಿ ಬಿಚ್ಚಿ, ಧ್ವನಿ ಸಮೇತ ಕೊನೆಯವರೆಗೆ ಓಡಿಸಿ, ಲಿಂಕ್ ಒತ್ತಿದರೆ ತೆರೆಯುವ ಮಾರಾಟದ ಪುಟವನ್ನೂ ಸೇರಿಸಿ ಒಂದೇ ಸ್ಕ್ರೀನ್ ರೆಕಾರ್ಡಿಂಗ್ ಮಾಡಬೇಕು. ಪೋಸ್ಟಿನ ವಿಳಾಸ, ದಿನಾಂಕ, ಸಮಯ ಬರೆದಿಡಬೇಕು. ಡಿಸ್ಕೌಂಟ್ ಕೋಡ್ ಬಳಸಿ ಒಂದು ಬಾಟಲಿ ಖರೀದಿಸಿದರೆ ಇನ್ನೂ ಒಳ್ಳೆಯದು, ಬಿಲ್ಲಿನಲ್ಲಿ ಆ ಕೋಡ್ ಕಾಣುತ್ತದೆ, ಹಣದ ಸಂಬಂಧಕ್ಕೆ ಅದಕ್ಕಿಂತ ಗಟ್ಟಿ ಸುಳಿವು ಸಿಗುವುದು ಕಷ್ಟ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಷ್ ಮೌಲ್ಯ (ಕಡತ ಸ್ವಲ್ಪ ತಿದ್ದಿದರೂ ಬದಲಾಗುವ, ಬೆರಳಚ್ಚಿನಂಥ ಗುರುತು) ನಮೂದಿಸಬೇಕು. ರೆಕಾರ್ಡ್ ಮಾಡಿದ ದಿನವೇ ಆ ಮೌಲ್ಯ ತೆಗೆದಿಟ್ಟರೆ ಆಮೇಲೆ ತಿದ್ದಿದ್ದಾರೆ ಎಂಬ ವಾದ ನಿಲ್ಲುವುದಿಲ್ಲ.

ವರದಿಯಲ್ಲಿ ಎಷ್ಟು ಜನ ನೋಡಿದ್ದಾರೆ, ಎಷ್ಟು ದಿನ ಇತ್ತು, ನೋಡಿದವರು ಎಂಥವರು ಎಂಬುದನ್ನು ತಪ್ಪದೆ ಬರೆಯಿಸಿ. ದಂಡದ ಮೊತ್ತ ನಿಗದಿ ಮಾಡುವಾಗ ಎಷ್ಟು ಜನರಿಗೆ ತಟ್ಟಿತು, ಎಷ್ಟು ಸಲ ಬಂತು, ಅವರು ಎಷ್ಟು ದುರ್ಬಲರು, ಮಾರಾಟದಿಂದ ಬಂದ ಆದಾಯ ಎಷ್ಟು ಎಂಬುದನ್ನು ನೋಡಬೇಕೆಂದು ಗ್ರಾಹಕ ರಕ್ಷಣಾ ಕಾಯ್ದೆಯೇ ಹೇಳಿದೆ. ಜಿಲ್ಲೆಯ ವರದಿಯಲ್ಲಿ ಈ ಅಂಕಿ ಇಲ್ಲದಿದ್ದರೆ ದೆಹಲಿಯಲ್ಲಿ ಕೂತವರಿಗೆ ಗೊತ್ತಾಗುವುದು ಹೇಗೆ?

ತಮ್ಮದೇ ವೇದಿಕೆಯ ಮಾತೂ ಇದೆ. ಜಿಲ್ಲಾ ಉತ್ಸವಕ್ಕೆ, ಮತದಾನ ಜಾಗೃತಿಗೆ, ಲಸಿಕೆ ಅಭಿಯಾನಕ್ಕೆ ಇವರನ್ನು ಕರೆಯಬೇಡಿ ಎಂದು ನಾವು ಹೇಳುವುದಿಲ್ಲ. ಕರೆಯುವ ಮೊದಲು ಅಳೆಯಿರಿ. ಲೈಕು ಮತ್ತು ಕಮೆಂಟು ಕೂಡಿಸಿ ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ: 5 ಲಕ್ಷ ಫಾಲೋವರ್ಸ್ ಇದ್ದು ಪೋಸ್ಟಿಗೆ ಸರಾಸರಿ 500 ಲೈಕು ಬಂದರೆ ಅದು ಶೇ 0.1, ಆ ಫಾಲೋವರ್ಸ್ ಖರೀದಿಯದ್ದಿರಬಹುದು. ಕಮೆಂಟುಗಳಲ್ಲಿ ಬರೀ ಬೆಂಕಿ, ಹೃದಯದ ಗುರುತುಗಳೇ ಇವೆಯೇ, ಪ್ರಶ್ನೆಗಳಿವೆಯೇ ನೋಡಿ. ನೋಡುಗರು ಯಾವ ಊರಿನವರು ಎಂಬುದು ಖಾತೆಯ ಇನ್‌ಸೈಟ್ಸ್‌ನಲ್ಲಿ (ಖಾತೆದಾರರಿಗೆ ಮಾತ್ರ ತೆರೆಯುವ ಅಂಕಿಅಂಶದ ಪುಟ) ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ಒಪ್ಪಬೇಡಿ, ತಿದ್ದುವುದು ಸುಲಭ, ಎದುರಿಗೇ ಫೋನಿನಲ್ಲಿ ತೆರೆಸಿ. ಕೊಪ್ಪಳದ ಲಸಿಕೆ ಶಿಬಿರಕ್ಕೆ ದೆಹಲಿ, ಲಖನೌಗಳಲ್ಲಿ ನೋಡುಗರಿರುವ ಖಾತೆಯಿಂದ ಏನೂ ಆಗುವುದಿಲ್ಲ. ಕಳೆದ ಆರು ತಿಂಗಳ ಪೋಸ್ಟುಗಳನ್ನು ಒಬ್ಬ ಸಿಬ್ಬಂದಿ ಕೂತು ನೋಡಲಿ. ಬೆಟ್ಟಿಂಗ್ ಆ್ಯಪ್ ಅಥವಾ ಬೋಳುತಲೆಯ ಎಣ್ಣೆ ಮಾರಿದ್ದರೆ ಬೇರೆಯವರನ್ನು ಹುಡುಕಿ.

ಕರೆದ ಮೇಲೆ ಸ್ಕ್ರಿಪ್ಟನ್ನು ಜಿಲ್ಲಾ ಆರೋಗ್ಯಾಧಿಕಾರಿ ಓದಿ ಸಹಿ ಹಾಕಲಿ. ಒಂದು ರೀಲಿನಲ್ಲಿ ಒಂದೇ ಸಂಗತಿ ಇರಲಿ: ಯಾವ ಊರು, ಯಾವ ಕಟ್ಟಡ, ಯಾವ ದಿನ, ಎಷ್ಟು ಗಂಟೆಗೆ, ಏನು ತರಬೇಕು, ಯಾವ ಸಂಖ್ಯೆಗೆ ಫೋನ್ ಮಾಡಬೇಕು. ಮಾತು ಆ ಭಾಗದ ಕನ್ನಡದಲ್ಲಿರಲಿ. ಮೊದಲ 48 ಗಂಟೆ ಕಮೆಂಟುಗಳಿಗೆ ಉತ್ತರ ಕೊಡಲು ಇಲಾಖೆಯ ಒಬ್ಬರನ್ನು ಕೂರಿಸಿ, ‘ನಮ್ಮೂರಲ್ಲಿ ಯಾವಾಗ?’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಖರ್ಚು ಮಾಡಿದ್ದು ನೀರುಪಾಲು. ಸರ್ಕಾರ ಅವರಿಗೆ ಹಣ ಕೊಟ್ಟಿದ್ದರೆ ಅದನ್ನೂ ಪರದೆಯ ಮೇಲೆ ಹಾಕಿ.

ಆಗಬೇಕಾದ ಕೆಲಸ ಸಣ್ಣದು. ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ದೂರಿಗೆಂದು ಒಂದು ಇ-ಮೇಲ್ ವಿಳಾಸ, ಅದನ್ನು ನೋಡುವ ಒಬ್ಬ ಗೊತ್ತುಮಾಡಿದ ಅಧಿಕಾರಿ, ಮೇಲೆ ಹೇಳಿದಂತೆ ರೆಕಾರ್ಡಿಂಗ್ ಮಾಡಲು ಒಂದು ಫೋನು. ದೂರಿನ ನಮೂನೆ ಒಂದೇ ಪುಟದ್ದಾಗಿರಲಿ, ಕನ್ನಡದಲ್ಲಿರಲಿ: ಖಾತೆಯ ಹೆಸರು, ಪೋಸ್ಟಿನ ವಿಳಾಸ, ನೋಡಿದ ದಿನ, ಹೇಳಿದ ಮಾತು, ಖರೀದಿಸಿದ್ದರೆ ಬಿಲ್ಲು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ಎಂಬುದನ್ನು ಅದರ ಕೆಳಗೆ ಮುದ್ರಿಸಿ ಪಡಿತರ ಅಂಗಡಿಗಳಲ್ಲಿ ಅಂಟಿಸಬಹುದು. ಹಾಗೆಯೇ ಜಿಲ್ಲೆಯಲ್ಲಿ ಸಕ್ರಿಯರಾಗಿರುವ ರೀಲ್ಸ್ ಮಾಡುವವರನ್ನು ಒಂದು ಮಧ್ಯಾಹ್ನ ಸಭಾಂಗಣಕ್ಕೆ ಕರೆದು, ಔಷಧ ನಿಯಂತ್ರಣ ಇಲಾಖೆಯವರಿಂದ ಒಂದು ಬಾಟಲಿಯ ಲೇಬಲ್ ಓದುವುದು ಹೇಗೆ ಎಂದು ತೋರಿಸಿ. ಅವರಲ್ಲಿ ಹೆಚ್ಚಿನವರಿಗೆ ಇದನ್ನು ಈವರೆಗೆ ಯಾರೂ ಕಲಿಸಿಲ್ಲ. ನಮೂನೆಯ ಕರಡು, ಲೇಬಲ್ ಪರಿಶೀಲನೆಯ ಪಟ್ಟಿ ಎರಡನ್ನೂ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ. ಯಾವ ಜಿಲ್ಲೆಯವರು ಮೊದಲು ಕರೆದರೂ ಬಂದು ಸಿಬ್ಬಂದಿಗೆ ತೋರಿಸಿಕೊಡುತ್ತೇವೆ.

ವಂದನೆಗಳೊಂದಿಗೆ,
ಜಾಹೀರಾತು ಮತ್ತು ಗ್ರಾಹಕ ದೂರುಗಳ ಕೆಲಸದಲ್ಲಿರುವವರು